ನಾನು ಬಿಡಿಸಿದ ಬಯಲುದಾರಿ

ಆಟ ಮಾಡುವ ಕಂಪನಿಯಿಂದ ನಿವೃತ್ತಳಾದೆ ಎಂದರೆ ಗುಬ್ಬಿಯಲ್ಲಿ ಈಗಲೂ ಜನ ನಗುತ್ತಾರೆ. ಬ್ಯಾಂಕಿನಿಂದ, ಸ್ಕೂಲಿನಿಂದ ನಿವೃತ್ತರಾಗುವುದುಂಟು. ಆಟದಿಂದ ಯಾರಾದರೂ ನಿವೃತ್ತರಾಗುತ್ತಾರೆಯೇ? ನಮ್ಮ ಎದುರುಮನೆಯ ಪಾರ್ವತಮ್ಮ ಒಂದು ದಿನ ನೇರವಾಗಿಯೇ ಕೇಳಿದರು. "ಅಲ್ಲಾ ರತ್ನಮ್ಮೋರೆ, ಇಷ್ಟು ವರ್ಷ ದಿನಾ ತುಮ್ಕೂರಿಗೆ ಹೋಗಿ ಆಟ ಆಡ್ಕಂಡ್ ಬರ್ತಿದ್ರಾ?" ಹೌದು ಅಂದೆ. ವಿವರಿಸಲು ಹೋಗಿದ್ದರೆ ಅವರ ಒಲೆಯ ಮೇಲಿನ ಸಾರು ಸೀದುಹೋಗುತ್ತಿತ್ತು.

ಇದನ್ನು ಬರೆಯುತ್ತಿರುವುದು ನಯಾಜ್ ಹೇಳಿದ್ದಕ್ಕೆ. ಅವನು ನನ್ನ ಜೊತೆ ಕೆಲಸ ಮಾಡಿದ ಪ್ರೋಗ್ರಾಮರ್; ಈಗ ಕಂಪನಿಗೆ ಸೇರುವ ಹೊಸಬರಿಗೆ ಕೆಲಸ ಕಲಿಸುತ್ತಾನೆ. "ಸಾಫ್ಟ್‌ವೇರ್ ನಾನು ಹೇಳ್ಕೊಡ್ತೀನಿ ಮೇಡಂ. ಕೆಲಸ ಹೆಂಗಿತ್ತು ಅಂತ ನೀವು ಬರ್ದುಕೊಡಿ" ಅಂದ. ಬುದ್ಧಿವಾದ ಬರೆಯುವ ವಯಸ್ಸು ನನಗೆ ಬಂದಿದೆ, ಬುದ್ಧಿ ಬಂದಿದೆಯೋ ಇಲ್ಲವೋ ಗೊತ್ತಿಲ್ಲ. ಓದುವವರು ಅಷ್ಟನ್ನು ಕಳೆದು ಓದಿಕೊಳ್ಳಲಿ.

ನಾನು ಮೊದಲು ತುಮಕೂರಿನ ಒಬ್ಬ ಸಿವಿಲ್ ಎಂಜಿನಿಯರ್ ಹತ್ತಿರ ಡ್ರಾಫ್ಟಿಂಗ್ ಮಾಡುತ್ತಿದ್ದೆ. ಮನೆಯ ಪ್ಲಾನು, ಲೇಔಟು, ಸೈಟಿನ ಗಡಿ. ಟ್ರೇಸಿಂಗ್ ಪೇಪರ್ ಹೋಗಿ ಕಂಪ್ಯೂಟರ್ ಬಂತು, ಕಲಿತೆ. ಗೆರೆಯಲ್ಲಿದ್ದ ಮನೆಯನ್ನು ಪರದೆಯ ಮೇಲೆ ಎಬ್ಬಿಸಿ ನಿಲ್ಲಿಸುವುದು ಬಂತು, ಅದನ್ನೂ ಕಲಿತೆ. ನಲವತ್ತು ದಾಟಿದ ಮೇಲೆ ತುಮಕೂರಿನ ಅಂತರಸನಹಳ್ಳಿಯಲ್ಲಿ, ಟೈರ್ ಗೋಡೌನಿನ ಮೇಲಿನ ಮಹಡಿಯಲ್ಲಿ ಶುರುವಾದ ಈ ಕಂಪನಿಗೆ ಸೇರಿದೆ. ಜನ ತಮ್ಮ ತಮ್ಮ ಮನೆಯಲ್ಲೇ ಕೂತು, ಇಂಟರ್‌ನೆಟ್ಟಿನ ಮೂಲಕ ಒಂದೇ ಲೋಕದೊಳಗೆ ಓಡಾಡಿ, ವ್ಯಾಪಾರ ಮಾಡಿ, ಹೊಡೆದಾಡಿ ಬರುವಂಥ ಆಟ ಅದು. ಬಂದ ಹುಡುಗರೆಲ್ಲ ಅರಮನೆ, ಕತ್ತಿ, ರಾಕ್ಷಸ ಬಿಡಿಸಲು ನಾ ಮುಂದು ತಾ ಮುಂದು ಎನ್ನುತ್ತಿದ್ದರು. ಒಂದು ಊರಿಗೂ ಇನ್ನೊಂದು ಊರಿಗೂ ನಡುವಿನ ಖಾಲಿ ಜಾಗ ಯಾರಿಗೂ ಬೇಡವಾಗಿತ್ತು. ಅದು ನನ್ನ ಪಾಲಿಗೆ ಬಂತು. ನಿವೃತ್ತಿಯವರೆಗೂ ನಾನು ಬಿಡಿಸಿದ್ದು ಅದನ್ನೇ.

ಮೊದಲ ಕೆಲಸದಲ್ಲೇ ಮರ್ಯಾದೆ ಕಳೆದುಕೊಂಡೆ. ಆಟದಲ್ಲಿ ಎರಡು ದೊಡ್ಡ ಊರುಗಳು, ಮೂಡಲಪೇಟೆ ಮತ್ತು ಪಡುವಲಪೇಟೆ. "ಗುಬ್ಬಿಗೂ ತುಮಕೂರಿಗೂ ಇರೋವಷ್ಟು ದೂರ ಇರ್ಲಿ ಮೇಡಂ" ಎಂದರು ನಮ್ಮ ಮೇಲಿನವರಾದ ಶೇಖರ್ ಸರ್. ನಾನು ಸೈಟಿನ ಗಡಿ ಎಳೆದು ಬೆಳೆದವಳು, ಅಂಗುಲ ತಪ್ಪಿದರೆ ಅಣ್ಣತಮ್ಮಂದಿರು ಕೋರ್ಟಿಗೆ ಹೋಗುವ ಕೆಲಸ ಅದು. ಸ್ಕೇಲು ಹಿಡಿದು, ಗುಬ್ಬಿಗೂ ತುಮಕೂರಿಗೂ ಎಷ್ಟು ದೂರವೋ ಅಷ್ಟನ್ನೂ ಬಿಡಿಸಿಟ್ಟೆ. ಪರೀಕ್ಷೆ ಮಾಡಲು ನಯಾಜ್ ಆಟದೊಳಗಿನ ತನ್ನ ಬೊಂಬೆಯನ್ನು ಮೂಡಲಪೇಟೆಯಿಂದ ಹೊರಡಿಸಿದ. ಬಯಲು ಮುಗಿಯಲಿಲ್ಲ. ಮುಂದೆ ಹೋಗುವ ಕೀಲಿಯ ಮೇಲೆ ಸ್ಟೇಪ್ಲರ್ ಹೇರಿಟ್ಟು ಊಟಕ್ಕೆ ಹೋದ. ವಾಪಸ್ ಬಂದು ನೋಡಿ, ಎಲ್ಲರಿಗೂ ಕೇಳುವ ಹಾಗೆ ಕೂಗಿದ. "ಮೇಡಂ, ನನ್ ಮನುಷ್ಯ ಇನ್ನೂ ಹೆಗ್ಗೆರೆನೇ ದಾಟಿಲ್ಲ!"

ತುಮಕೂರಿನಿಂದ ಗುಬ್ಬಿ ಕಡೆಗೆ ಹೊರಟರೆ ಹೆಗ್ಗೆರೆ ಮೊದಲೇ ಸಿಗುವ ಊರು; ಆಫೀಸಿಗೆ ಆಫೀಸೇ ನಕ್ಕಿತು. ಶೇಖರ್ ಸರ್ ಮಾತ್ರ ನಗದೆ ಪಕ್ಕದಲ್ಲಿ ಕುರ್ಚಿ ಎಳೆದುಕೊಂಡು ಕೂತರು. "ಆಟದಲ್ಲಿ ದೂರ ಇರಬಾರ್ದು ಮೇಡಂ, ದೂರ ಅನ್ನಿಸ್ಬೇಕು." ಈ ಕೆಲಸದಲ್ಲಿ ನಾನು ಕೇಳಿದ ಅತ್ಯಂತ ಒಳ್ಳೆಯ ಮಾತು ಅದು. ಮುಂದೆ ಅವರ ಮೇಲೆ ನನಗೆ ಸಿಟ್ಟು ಬಂದ ದಿನವೂ ಆ ಮಾತಿನ ಋಣ ಮರೆತಿಲ್ಲ.

ದೂರ ಅನ್ನಿಸುವುದು ಹೇಗೆ ಎಂದು ಕಲಿತದ್ದು ರೈಲಿನಲ್ಲಿ. ದಿನಾ ಬೆಳಿಗ್ಗೆ ಗುಬ್ಬಿಯಿಂದ ತುಮಕೂರಿಗೆ ಪ್ಯಾಸೆಂಜರಿನಲ್ಲಿ ಬರುತ್ತಿದ್ದೆ. ಮಲ್ಲಸಂದ್ರ ದಾಟಿದ ಮೇಲೆ ಕಿಟಕಿಯಲ್ಲಿ ದೂರದ ಬೆಟ್ಟ ಕಾಣುತ್ತದೆ. ಸ್ವಲ್ಪ ಹೊತ್ತಿಗೆ ಒಂದು ದಿಬ್ಬ ಅಡ್ಡ ಬಂದು ಬೆಟ್ಟ ಮರೆಯಾಗುತ್ತದೆ. ಮತ್ತೆ ಕಾಣುವಾಗ ಅದೇ ಬೆಟ್ಟ ಬೇರೆ ಕಡೆಗೆ ಸರಿದಿರುತ್ತದೆ, ಸ್ವಲ್ಪ ದೊಡ್ಡದಾಗಿರುತ್ತದೆ. ಆಗ ಮನಸ್ಸಿಗೆ, ಓಹೋ, ಇಷ್ಟು ದೂರ ಬಂದೆವೇ ಅನ್ನಿಸುತ್ತದೆ. ಅಷ್ಟೇ ಗುಟ್ಟು. ಹೋಗಬೇಕಾದ ಊರಿನ ಗೋಪುರವನ್ನು ಮೊದಲು ತೋರಿಸು, ಮರೆಸು, ದಾರಿಯನ್ನು ಒಮ್ಮೆ ತಿರುಗಿಸಿ ಮತ್ತೆ ತೋರಿಸು. ದಾರಿಯ ಉದ್ದವನ್ನು ಕತ್ತರಿಸಿ ಕತ್ತರಿಸಿ ಚಿಕ್ಕದು ಮಾಡಿದೆ, ಆದರೆ ನಡೆದವರೆಲ್ಲ ಬಹಳ ದೂರ ಬಂದೆವು ಎನ್ನುತ್ತಿದ್ದರು.

ಆಮೇಲೆ ಬಂದದ್ದು ತುಂಬುವ ಕಾಲ. ಆಟಗಾರ ಒಂದು ಕ್ಷಣವೂ ಸುಮ್ಮನಿರಬಾರದು ಎಂದು ಮೇಲಿನಿಂದ ಅಪ್ಪಣೆಯಾಯಿತು. ಬಯಲಿನಲ್ಲಿ ಹೆಜ್ಜೆಗೊಂದು ಬಾವಿ, ಬಾವಿಗೊಬ್ಬ ಕಳ್ಳ, ಕಳ್ಳನಿಗೊಂದು ನಿಧಿ. ನನ್ನ ಬಯಲು ಸೀರೆ ಅಂಗಡಿಯ ಷೋಕೇಸಿನಂತಾಯಿತು. ಯಾರೂ ದೂರಕ್ಕೆ ಕಣ್ಣು ಹಾಯಿಸುತ್ತಿರಲಿಲ್ಲ, ಕಾಲಬುಡದಲ್ಲಿ ಏನು ಸಿಗುತ್ತದೆ ಎಂದು ಹುಡುಕುತ್ತಿದ್ದರು. ಎಲ್ಲವೂ ಇದ್ದದ್ದರಿಂದ ಎಲ್ಲಿಗೂ ಹೋದಂತೆ ಆಗುತ್ತಿರಲಿಲ್ಲ. ನಾನು ಯಾರಿಗೂ ಹೇಳದೆ ವಾರಕ್ಕೊಂದು ಬಾವಿ ಮುಚ್ಚುತ್ತಾ ಬಂದೆ. ಗೊತ್ತಾದಾಗ ಶೇಖರ್ ಸರ್ ಬೈದರು, ಆದರೆ ಮುಚ್ಚಿದ್ದನ್ನು ಮತ್ತೆ ತೆಗೆಸಲಿಲ್ಲ.

ಇಲ್ಲಿ ನಮ್ಮಕ್ಕನ ವಿಷಯ ಬರೆಯಬೇಕು. ಅವಳನ್ನು ಬಿಟ್ಟು ಆ ದಾರಿಯ ಕಥೆ ಇಲ್ಲ.

ಜಯಕ್ಕ ನನಗಿಂತ ದೊಡ್ಡವಳು. ನಾವು ಹುಟ್ಟಿ ಬೆಳೆದದ್ದು ಕೋರ ಎಂಬ ಊರಿನ ಹತ್ತಿರ. ಅವಳು ಕುಣಿಗಲ್ಲಿನಲ್ಲಿ ಟೀಚರ್ ಆದಳು, ಮದುವೆಯಾಗಲಿಲ್ಲ. ಕೆಲಸ ಸಿಕ್ಕ ಮೇಲೆ ಒಂದು ದಿನ ಮನೆಗೆ ಬರುವುದನ್ನೇ ನಿಲ್ಲಿಸಿಬಿಟ್ಟಳು. ಗುಬ್ಬಿಯ ಛತ್ರದಲ್ಲಿ ನಡೆದ ನನ್ನ ಮದುವೆಗೂ ಬರಲಿಲ್ಲ. ಅಕ್ಷತೆ ಬೀಳುವವರೆಗೂ ನಾನು ಬಾಗಿಲ ಕಡೆ ನೋಡುತ್ತಿದ್ದೆ. ಅಪ್ಪ ತೀರಿಕೊಂಡ ಮೇಲೆ ಅವಳು ಮತ್ತೆ ಬಂದಳು, ಏನೂ ಆಗಿಲ್ಲವೆಂಬಂತೆ ಹೋಗಿ ಬಂದು ಮಾಡತೊಡಗಿದಳು. ಯಾಕೆ ಬರಲಿಲ್ಲ ಎಂದು ನಾನು ಕೇಳಲಿಲ್ಲ. ಕೇಳಿದರೆ ಮತ್ತೆ ನಿಲ್ಲಿಸಿಬಿಟ್ಟಾಳು ಎಂಬ ಭಯ. ಆದರೆ ತಿಳಿದುಕೊಳ್ಳಬೇಕೆಂಬ ಆಸೆ ಹೊಟ್ಟೆಯಲ್ಲಿ ಹಾಗೇ ಇತ್ತು. ಅವಳ ಮನೆಗೆ ಹೋದರೆ ಕಾಫಿ, ಉಪ್ಪಿಟ್ಟು, ಮಂಡಿ ನೋವು, ನೆರೆಮನೆಯವರ ಸೊಸೆ, ಇಷ್ಟರಲ್ಲೇ ಮಾತು ಮುಗಿದು ಬಸ್ಸಿನ ಹೊತ್ತಾಗುತ್ತಿತ್ತು.

ಅವಳು ರಿಟೈರ್ ಆಗಿ ಮನೆಯಲ್ಲಿ ಕೂತಾಗ, ನಮ್ಮ ಆಟವನ್ನು ಅವಳ ಕಂಪ್ಯೂಟರಿಗೆ ಹಾಕಿಕೊಟ್ಟೆ. ಹುಡುಗರಲ್ಲದವರು ಆಡಿದರೆ ಹೇಗಿರುತ್ತದೆ ಎಂದು ನನಗೆ ನೋಡಬೇಕಿತ್ತು. ಕತ್ತಿ ಕೊಟ್ಟರೆ ಬೇಡ ಅಂದಳು. ತಲೆಯ ಮೇಲೆ ಹೊರೆ ಹೊತ್ತು ಊರಿಂದೂರಿಗೆ ಸಾಮಾನು ಸಾಗಿಸುವ ವ್ಯಾಪಾರಿಯಾದಳು.

ಆ ಹೊರೆಯ ವಿಷಯದಲ್ಲಿ ನನಗೊಂದು ತೊಡಕಿತ್ತು. ದಾರಿಯಲ್ಲಿ ಆಟಗಾರರು ಒಬ್ಬರನ್ನೊಬ್ಬರು ಮಾತಾಡಿಸಬೇಕು ಎಂಬುದು ಕಂಪನಿಯ ಆಸೆ, ಯಾರೂ ಮಾತಾಡಿಸುತ್ತಿರಲಿಲ್ಲ. ನಮ್ಮೂರ ದಾರಿಯಲ್ಲಿ ಹಿಂದೆ ಹೊರೆ ಇಳಿಸುವ ಕಲ್ಲು ಇತ್ತು. ಎರಡು ಕಲ್ಲು ನಿಲ್ಲಿಸಿ, ತಲೆಯ ಎತ್ತರಕ್ಕೆ ಮೇಲೊಂದು ಚಪ್ಪಡಿ. ಹೊತ್ತವರು ಅದರ ಮೇಲೆ ಹೊರೆ ಜಾರಿಸಿ ಸುಧಾರಿಸಿಕೊಂಡು, ಮತ್ತೆ ತಲೆಗೆ ಎಳೆದುಕೊಂಡು ಹೋಗುವರು. ಜನ ಅಲ್ಲಿ ನಿಂತು ಮಾತಾಡುತ್ತಾರೆ ಎಂದುಕೊಂಡು ಆಟದ ಬಯಲಿನ ನಡುವೆ ಅಂಥ ಕಲ್ಲೊಂದನ್ನು ನಿಲ್ಲಿಸಿದೆ. ಆಟಗಾರರು ಬಂದರು, ಇಳಿಸಿದರು, ಹೊತ್ತುಕೊಂಡು ಹೋದರು. ಮಾತಿಲ್ಲ ಕಥೆಯಿಲ್ಲ.

ಜಯಕ್ಕ ಅದನ್ನು ನೋಡಿ ನಕ್ಕಳು. "ಅಯ್ಯೋ ಪೆದ್ದಿ, ಕಲ್ಲಿದ್ರೆ ಇನ್ನೊಬ್ರು ಯಾಕೇ ಬೇಕು? ಕಲ್ಲು ಇಲ್ದೇ ಇರೋ ಕಡೆ ತಾನೆ ನಾವು ದಾರಿಲಿ ಹೋಗೋರ್ನ ಕರೀತಿದ್ದದ್ದು? ಒಸಿ ಹೊರೆ ಎತ್ಕೊಡಪ್ಪಾ ಅಂತ? ಕಿತ್ತಾಕು ಕಲ್ನ."

ಕಿತ್ತುಹಾಕಿದೆ. ನೆಲಕ್ಕೆ ಇಳಿಸಿದ ಹೊರೆಯನ್ನು ಒಬ್ಬರೇ ಎತ್ತಿಕೊಳ್ಳಲು ಆಗದಂತೆ ನಯಾಜ್ ಹತ್ತಿರ ನಿಯಮ ಬರೆಸಿದೆ. ಹೊರೆ ಹೊತ್ತವರು ದಣಿದು ಇಳಿಸಲೇಬೇಕು. ಇಳಿಸಿದ ಮೇಲೆ ಇನ್ನೊಬ್ಬರು ಬಂದು ಕೈಕೊಡುವವರೆಗೂ ಕಾಯಲೇಬೇಕು. ಬೈದುಕೊಂಡೇ ಕಾದರು. ಕಾಯುತ್ತಾ ಮಾತಾಡಿದರು. ಎತ್ತಿಕೊಟ್ಟವರು, ಇನ್ನೇನು ಒಂದೇ ದಾರಿ ತಾನೆ ಎಂದು ಜೊತೆಯಲ್ಲೇ ಹೆಜ್ಜೆ ಹಾಕಿದರು. ಬಳ್ಳಾರಿಯವನೊಬ್ಬ, ಮಂಗಳೂರಿನವಳೊಬ್ಬಳು, ಹೆಸರೇ ಗೊತ್ತಿಲ್ಲದ ಎಷ್ಟೋ ಜನ ಆ ಖಾಲಿ ದಾರಿಯಲ್ಲಿ ಪರಿಚಯವಾಗಿ ನಡೆದದ್ದನ್ನು ನಾನು ನೋಡಿದ್ದೇನೆ. ನನ್ನ ಕೆಲಸದಲ್ಲಿ ನಾನು ಹೆಮ್ಮೆಪಡುವುದು ಅದೊಂದಕ್ಕೆ, ಅದರಲ್ಲೂ ಅರ್ಧ ಅಕ್ಕನ ಪಾಲು.

ಸಂಜೆ ಗುಬ್ಬಿಗೆ ಬಂದು ಕೈಕಾಲು ತೊಳೆದು ನಾನೂ ಆಟಕ್ಕೆ ಕೂರುತ್ತಿದ್ದೆ. ಕುಣಿಗಲ್ಲಿನಲ್ಲಿ ಅವಳು, ಇಲ್ಲಿ ನಾನು, ಇಬ್ಬರ ಕಿವಿಗೂ ಹೆಡ್‌ಫೋನ್. ಮೂಡಲಪೇಟೆಯಿಂದ ಪಡುವಲಪೇಟೆಗೆ ಹೊರೆ ಹೊತ್ತು ಅಕ್ಕಪಕ್ಕದಲ್ಲಿ ನಡೆಯುತ್ತಿದ್ದೆವು. "ಅಕ್ಕತಂಗಿ ಸಂತೆಗೆ ಹೊಂಟ್ರು, ಇನ್ನು ನಮ್ ಊಟ ದೇವ್ರೇ ಗತಿ" ಎಂದು ನಮ್ಮ ಯಜಮಾನರು ರೇಗಿಸುವರು. ಮೊದಮೊದಲು ದಾರಿಯ ಮಾತೇ. "ಇಲ್ಲೊಂದು ಹುಣಸೆಮರ ಇರ್ಬೇಕಿತ್ತು ಕಣೇ", "ಈ ಮಣ್ಣು ಇಷ್ಟು ಕೆಂಪಗ್ಯಾಕೆ ಮಾಡ್ದೆ?" ಆಮೇಲೆ, ಮಾಡಲು ಬೇರೇನೂ ಕೆಲಸವಿಲ್ಲದ ಆ ಬಯಲಿನಲ್ಲಿ, ಅವಳು ತಾನಾಗಿ ಹಳೆಯದನ್ನು ತೆಗೆಯತೊಡಗಿದಳು. ಇವತ್ತು ಸ್ವಲ್ಪ, ನಾಳೆ ಸ್ವಲ್ಪ. ಅಪ್ಪ ಹೇಗಿದ್ದರು, ಅವಳಿಗೆ ಕೆಲಸ ಸಿಕ್ಕ ದಿನ ಅಮ್ಮ ಏನು ಅಂದಳು, ಕುಣಿಗಲ್ಲಿನ ಬಾಡಿಗೆ ರೂಮು. ನಾನು ಹೂಂ ಹೂಂ ಅನ್ನುತ್ತಾ ನಡೆಯುತ್ತಿದ್ದೆ. ನಡುವೆ ಬಾಯಿ ಹಾಕಿದರೆ ದಾರ ಕಡಿದುಹೋಗುತ್ತದೆ ಎಂದು ಗೊತ್ತಿತ್ತು.

ಒಂದು ಸಂಜೆ, ಪಡುವಲಪೇಟೆಯ ಗೋಪುರ ಎರಡನೇ ಸಲ ಕಾಣುವ ತಿರುವಿನಲ್ಲಿ, ಅವಳು ಹೇಳಿದಳು. "ನಿನ್ ಮದ್ವೆ ದಿನ ನಾನು ಗುಬ್ಬಿ ಬಸ್‌ಸ್ಟ್ಯಾಂಡ್‌ವರ್ಗೂ ಬಂದಿದ್ದೆ ಕಣೇ ರತ್ನ. ಸೀರೆ ಉಟ್ಕಂಡು, ಹೂವ ಮುಡ್ಕಂಡು."

ಕೀಲಿ ಒತ್ತುತ್ತಲೇ ಕೇಳಿದೆ. "ಆಮೇಲೆ?"

"ಆಮೇಲೇನು..." ಅಷ್ಟರಲ್ಲಿ ಊರಬಾಗಿಲು ಬಂತು. ವ್ಯಾಪಾರಿಗಳ ಕೂಗಾಟ, ನಗಾರಿ, ಯಾರೋ ಹೊರೆಗೆ ಬೆಲೆ ಕೇಳಿದರು. "ಈ ಗಲಾಟೇಲಿ ಏನ್ ಹೇಳ್ಲಿ. ನಾಳೆ ಬಾ, ದಾರಿಲಿ ಹೇಳ್ತೀನಿ" ಅಂದಳು.

ನಾಳೆ ಎಂಬುದು ಬಾಗಿಲುಗಳು ಶುರುವಾಗುವ ದಿನವಾಗಿತ್ತು.

ಬಾಗಿಲು ಎಂದರೆ ಇಷ್ಟು. ಒಂದು ಊರಿನ ಬಾಗಿಲಲ್ಲಿ ಕಾಲಿಟ್ಟರೆ ಇನ್ನೊಂದು ಊರಿನ ಬಾಗಿಲಲ್ಲಿ ಇರುತ್ತೀರಿ, ನಡುವೆ ನಡೆಯುವುದೇ ಬೇಡ. ಆಟಗಾರರೇ ಬಹಳ ದಿನದಿಂದ ಕೇಳುತ್ತಿದ್ದರು. ನಾನು ವಿರೋಧಿಸಿದ್ದೆ. ಶೇಖರ್ ಸರ್ ಹೇಳಿದ್ದರಲ್ಲೂ ನ್ಯಾಯವಿತ್ತು. "ಫ್ಯಾಕ್ಟ್ರಿ ಶಿಫ್ಟ್ ಮುಗ್ಸಿ ಬಂದೋನಿಗೆ ಆಡೋಕೆ ಸಿಗೋದೇ ಒಂಚೂರು ಹೊತ್ತು ಮೇಡಂ. ಅದ್ನೂ ನಿಮ್ ಬಯಲಲ್ಲಿ ನಡ್ಕಂಡೇ ಕಳೀಬೇಕಾ?" ಬಾಗಿಲು ಬೇಕಾದರೆ ಇರಲಿ, ದಾರಿಯನ್ನೂ ಉಳಿಸಿ ಅಂದೆ. ಉಳಿಸಿದರು. ದಾರಿ ಇದ್ದರೆ ಜನ ಇರುತ್ತಾರೆ ಎಂದು ನಂಬಿದ್ದೆ. ಬೈಪಾಸ್ ಆದ ಮೇಲೆ ಹಳೇ ರಸ್ತೆಯ ಹೋಟೆಲುಗಳಿಗೆ ಏನಾಯಿತು ಎಂದು ನೋಡಿದ್ದ ನಾನೇ ಹಾಗೆ ನಂಬಿದೆ.

ಬಾಗಿಲು ತೆರೆಯುವ ಆ ಸಂಜೆ ಆಫೀಸಿನಿಂದ ಯಾರೂ ಮನೆಗೆ ಹೋಗುವಂತಿರಲಿಲ್ಲ. ಅಕ್ಕನಿಗೆ ಫೋನ್ ಮಾಡಿದೆ, ತೆಗೆಯಲಿಲ್ಲ; ಆಗಲೇ ಹೆಡ್‌ಫೋನ್ ಹಾಕಿಕೊಂಡು ಕೂತಿದ್ದಳೋ ಏನೋ. ಗೋಡೆಯ ಮೇಲಿನ ದೊಡ್ಡ ಪರದೆಯಲ್ಲಿ ಇಡೀ ಲೋಕದ ನಕ್ಷೆ, ಒಬ್ಬೊಬ್ಬ ಆಟಗಾರನೂ ಒಂದೊಂದು ಚುಕ್ಕಿ. ನಮ್ಮ ದಾರಿಯ ಮೇಲೆ ಚುಕ್ಕಿಗಳು ಇರುವೆ ಸಾಲಿನ ಹಾಗೆ ಹರಿಯುತ್ತಿದ್ದವು. ನಯಾಜ್ ಗುಂಡಿ ಒತ್ತಿದ. ಬಾಗಿಲುಗಳು ತೆರೆದವು.

ಹೊಸದಾಗಿ ದಾರಿಗೆ ಇಳಿಯುವವರು ನಿಂತರು. ದಾರಿಯಲ್ಲಿದ್ದವರು ಊರು ಸೇರಿದರು. ನೋಡುನೋಡುತ್ತಿದ್ದಂತೆ ಬಯಲು ಬರಿದಾಯಿತು, ಎರಡೂ ಊರುಗಳಲ್ಲಿ ಚುಕ್ಕಿಗಳು ಕಿಕ್ಕಿರಿದವು. ಎಲ್ಲರೂ ಚಪ್ಪಾಳೆ ತಟ್ಟಿದರು, ಮೈಸೂರುಪಾಕಿನ ಡಬ್ಬಿ ತೆರೆದರು. ನನ್ನ ಕೈಗೂ ಒಂದು ತುಂಡು ಬಂತು. ಆಗ ಶೇಖರ್ ಸರ್ ಪರದೆಯ ಹತ್ತಿರ ಹೋಗಿ ಬೆರಳಿಟ್ಟರು. ದಾರಿಯ ನಟ್ಟನಡುವೆ ಒಂದು ಚುಕ್ಕಿ ಅಲ್ಲಾಡದೆ ನಿಂತಿತ್ತು.

"ಇದ್ಯಾವುದ್ರೀ ಇದು? ಬಗ್ ಇರ್ಬೇಕು. ತೆಗೀರಿ ನಯಾಜ್."

"ಅದು ಬಗ್ ಅಲ್ಲ ಸರ್, ನಮ್ಮಕ್ಕ" ಅಂದೆ.

ಎಲ್ಲರೂ ಗೊಳ್ಳೆಂದು ನಕ್ಕರು. ನಾನು ನಗಿಸಲು ಹೇಳಿದ್ದಲ್ಲ. ಅವಳು ಒಂಟಿಯಾಗಿ ನಡುದಾರಿಯವರೆಗೂ ನಡೆದು, ಹೊರೆ ಇಳಿಸಿ, ನಾನು ಬಂದು ಎತ್ತಿಕೊಡುತ್ತೇನೆಂದು ಕಾಯುತ್ತಿದ್ದಳು. ಬೇರೆ ಯಾರೂ ಆ ಕಡೆ ಬರುವಂತಿರಲಿಲ್ಲ. ಕಲ್ಲಾದರೂ ಇದ್ದಿದ್ದರೆ ತಾನೇ ತಲೆಗೆಳೆದುಕೊಂಡು ಹೊರಡುತ್ತಿದ್ದಳು.

ನಾನು ನನ್ನ ಮೇಜಿನ ಕಡೆ ಓಡಿದೆ. ಆಟದೊಳಗೆ ಹೋಗಿ ಅವಳನ್ನು ಸೇರಬೇಕು ಎನ್ನುವುದಷ್ಟೇ ತಲೆಯಲ್ಲಿತ್ತು. "ಅಕ್ಕನ್ನ ಹಂಗೆ ಬಿಸಿಲಲ್ಲಿ ನಿಲ್ಲಿಸ್ತಾರೇನ್ರೀ, ಪಾಪ, ಊರಿಗೆ ಬಿಟ್ಟುಬಿಡಿ" ಎಂದರು ಶೇಖರ್ ಸರ್. ಅವರದು ಒಳ್ಳೆಯ ಮನಸ್ಸೇ. ಎಲ್ಲಾದರೂ ಸಿಕ್ಕಿಕೊಂಡ ಆಟಗಾರರನ್ನು ಎತ್ತಿ ಹತ್ತಿರದ ಊರಿಗೆ ಬಿಡುವುದು ನಮ್ಮಲ್ಲಿ ದಿನದ ಕೆಲಸ. ನಯಾಜ್ ಕೂಡ ಉಪಕಾರ ಎಂದುಕೊಂಡೇ ಗುಂಡಿ ಒತ್ತಿದ. ನಾನು ಕುರ್ಚಿಯಲ್ಲಿ ಕೂರುವ ಮೊದಲೇ ಚುಕ್ಕಿ ದಾರಿಯಿಂದ ಮಾಯವಾಯಿತು.

ಸ್ವಲ್ಪ ಹೊತ್ತಿಗೆ ಅವಳದೇ ಫೋನ್ ಬಂತು. "ಅದ್ಯಾರೋ ನನ್ನ ಎತ್ತಿ ಊರೊಳಗೆ ಹಾಕ್ಬುಟ್ರು ಕಣೇ. ಹೊರೆ ಅಲ್ಲೇ ಉಳ್ಕಂತು. ನೀನು ಬರ್ತೀಯ ಅಂತ ನಿಂತಿದ್ದೆ." ಕೆಲಸ ಇತ್ತಕ್ಕ, ನಾಳೆ ಬರ್ತೀನಿ, ಮೊದಲಿಂದ ಹೋಗೋಣ ಅಂದೆ. "ಹೂಂ" ಅಂದಳು.

ಮಾರನೇ ದಿನ ಇಬ್ಬರೂ ಹೋದೆವು. ದಾರಿಯುದ್ದಕ್ಕೂ ಒಂದು ನರಪಿಳ್ಳೆ ಇರಲಿಲ್ಲ. ನಾನು ಮುಚ್ಚಿದ ಬಾವಿಗಳೆಲ್ಲ ಇದ್ದಿದ್ದರೆ ಚೆನ್ನಾಗಿತ್ತು ಅನ್ನಿಸುವಷ್ಟು ಖಾಲಿ. ಖಾಲಿ ಜಾಗ ಬೇರೆ, ಬಿಟ್ಟುಹೋದ ಜಾಗ ಬೇರೆ ಎಂದು ನನಗೆ ಅರ್ಥವಾದದ್ದು ಅವತ್ತು. ಅಕ್ಕ ಹೆಚ್ಚು ಮಾತಾಡಲಿಲ್ಲ. "ಯಾಕೋ ಭಯ ಆಗ್ತದೆ ಕಣೇ, ಬಾಗಿಲಲ್ಲೇ ಹೋಗಾನ" ಅಂದಳು. ಮೂಡಲಪೇಟೆಗೆ ವಾಪಸ್ ನಡೆದು ಬಾಗಿಲಲ್ಲಿ ಹೋದೆವು, ಕಣ್ಣು ಮಿಟುಕಿಸುವಷ್ಟರಲ್ಲಿ ಸಂತೆಯಲ್ಲಿದ್ದೆವು. ತಂದದ್ದನ್ನು ಮಾರಿದೆವು. ಮಾರಿದ ಮೇಲೆ ಮಾಡಲು ಏನೂ ಇರಲಿಲ್ಲ. ವಾರದೊಳಗೆ ಅವಳು ಆಟ ಬಿಟ್ಟಳು.

ಕೆಲಸದ ರೀತಿಯೂ ಬದಲಾಯಿತು. ಮೊದಲು ಒಂದೊಂದು ಕಲ್ಲನ್ನೂ ಕೈಯಾರೆ ಇಡುತ್ತಿದ್ದೆವು. ಆಮೇಲೆ ಮರಗಳನ್ನು ಸಾಸಿವೆಯ ಹಾಗೆ ಎರಚುವ ಸಾಫ್ಟ್‌ವೇರ್ ಬಂತು. ನಾನು ಹೊರಡುವ ಹೊತ್ತಿಗೆ, ಬೇಕಾದ ಬಯಲನ್ನು ಬಾಯಲ್ಲಿ ಹೇಳಿದರೆ ಬಿಡಿಸಿಕೊಡುವ ಯಂತ್ರ ಬಂದಿತ್ತು. ಚೆನ್ನಾಗಿಯೇ ಬಿಡಿಸುತ್ತದೆ, ಸುಳ್ಳು ಹೇಳಬಾರದು. ಯಾರೂ ಓಡಾಡದ ನೆಲಕ್ಕೆ ಸರ್ವರ್ ಖರ್ಚು ಯಾಕೆಂದು ನಮ್ಮ ದಾರಿಯನ್ನು ಕೊನೆಗೆ ಅಳಿಸಿದರು. ಈಗ ಮೂಡಲಪೇಟೆಗೂ ಪಡುವಲಪೇಟೆಗೂ ನಡುವೆ ಏನೂ ಇಲ್ಲ. ಗೋಡೆ ಹತ್ತಿ ನೋಡಿದರೆ ಬೂದು ಬಣ್ಣ. ಮತ್ತೆ ಹಾಕಬಹುದೇ ಎಂದು ಹೋದ ತಿಂಗಳು ನಯಾಜ್‌ನನ್ನು ಕೇಳಿದೆ. "ಹಳೇ ಫೈಲೇ ಇಲ್ಲ ಮೇಡಂ, ಕ್ಷಮ್ಸಿ" ಅಂದ. ಅವನ ಧ್ವನಿ ಕೇಳಿ, ಕೇಳಬಾರದಿತ್ತು ಅನ್ನಿಸಿತು.

ಹೊಸಬರಿಗೆ ನನ್ನ ಮಾತು ಒಂದೇ. ಬಾಗಿಲು ಮಾಡಬೇಡಿ ಎನ್ನಲಾರೆ. ಕೇಳುವವರು ಕೇಳುತ್ತಾರೆ, ನೀವು ಮಾಡಲೇಬೇಕು. ಮಾಡುವ ಮುಂಚೆ ಆ ದಾರಿಯಲ್ಲಿ ಯಾರಾದರೂ ಏನಾದರೂ ಹೇಳುತ್ತಿದ್ದಾರೆಯೇ ಎಂದು ಒಂದಿಷ್ಟು ಕಿವಿಗೊಡಿ. ನಕ್ಷೆಯಲ್ಲಿ ಚುಕ್ಕಿ ಕಾಣುತ್ತದೆ, ಮಾತು ಕೇಳಿಸುವುದಿಲ್ಲ.

ಈಗ ನನಗೆ ಬೇಕಾದಷ್ಟು ಬಿಡುವಿದೆ. ಕುಣಿಗಲ್ಲಿಗೆ ಹೋದರೆ ಎರಡು ದಿನ ಇದ್ದು ಬರುತ್ತೇನೆ. ಕೆರೆ ಏರಿಯ ಮೇಲೆ ಅಡ್ಡಾಡೋಣ ಎಂದರೆ ಅಕ್ಕನ ಮಂಡಿ ಒಪ್ಪುವುದಿಲ್ಲ. ಮೊನ್ನೆ ಬಾಗಿಲ ಮುಂದಿನ ಜಗಲಿಯಲ್ಲಿ ಎದುರುಬದುರು ಕೂತು ಅವರೆಕಾಯಿ ಸುಲಿಯುತ್ತಿದ್ದೆವು. ಧೈರ್ಯ ಮಾಡಿ ಕೇಳಿಯೇಬಿಟ್ಟೆ.

"ಅಕ್ಕ, ನನ್ ಮದ್ವೆ ದಿನ ಗುಬ್ಬಿ ಬಸ್‌ಸ್ಟ್ಯಾಂಡ್‌ವರ್ಗೂ ಬಂದಿದ್ದೆ ಅಂದ್ಯಲ್ಲ. ಆಮೇಲೆ ಏನಾಯ್ತು?"

ಅವಳು ಸಿಟ್ಟು ಮಾಡಿಕೊಳ್ಳಲಿಲ್ಲ. ನನ್ನ ಮುಖ ನೋಡಿದಳು. ಹೇಳಬೇಕೆಂದು ಬಾಯಿಯನ್ನೂ ತೆರೆದಳು.

"ಹೆಂಗೇ ಹೇಳ್ಲಿ ರತ್ನ? ಆ ಆಟದ್ ದಾರಿಲಾದ್ರೆ ಇಬ್ರೂ ಮುಂದಕ್ಕೆ ನೋಡ್ಕಂಡ್ ಹೋಗ್ತಿದ್ವಿ. ಇಲ್ಲಿ ನಿನ್ ಮುಖ ಕಾಣ್ತದೆ."

ನಾನು ಎದ್ದು ಹೋಗಿ ಅವಳ ಪಕ್ಕದಲ್ಲಿ, ಬೀದಿಗೆ ಮುಖ ಮಾಡಿ ಕೂತೆ. ಅವಳು ಸರಿದು ಜಾಗ ಕೊಟ್ಟಳು. ಅವರೆಕಾಯಿ ಮುಗಿಯುವವರೆಗೂ ಇಬ್ಬರೂ ಬೀದಿ ನೋಡುತ್ತಾ ಸುಲಿದೆವು. ಅವಳು ಹೇಳಲಿಲ್ಲ.